ವೇದಿಕೆಯ ಸಮ್ಮೇಳನವೋ, ಮೇಜಿನ ಸುತ್ತಲಿನ ಶಿಬಿರವೋ: ಸಭಾ ನಾಯಕತ್ವದ ಎರಡು ತರಬೇತಿಗಳು

ಕ್ರೈಸ್ತ ಸಭೆಗಳಲ್ಲಿ ಹೊಣೆ ಹೊತ್ತವರಿಗೆ ದೊರೆಯುವ ನಾಯಕತ್ವ ತರಬೇತಿಯಲ್ಲಿ ಎರಡು ಮಾದರಿಗಳು ಎದ್ದು ಕಾಣುತ್ತವೆ. ಮೊದಲನೆಯದು ವೇದಿಕೆಯ ಮಾದರಿ. ಅಮೆರಿಕದ ಇಲಿನಾಯ್ ರಾಜ್ಯದ ವಿಲೋ ಕ್ರೀಕ್ ಸಭೆಯು 1995ರಲ್ಲಿ ಆರಂಭಿಸಿದ, ಮುಂದೆ ವಿಡಿಯೊ ಮೂಲಕ ಅನೇಕ ದೇಶಗಳಿಗೆ ಹಬ್ಬಿದ ಗ್ಲೋಬಲ್ ಲೀಡರ್‌ಶಿಪ್ ಸಮ್ಮಿಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡನೆಯದು ಮೇಜಿನ ಮಾದರಿ. 2010ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದ ಮೂರನೆಯ ಲೊಸಾನ್ ಸಮಾವೇಶದಲ್ಲಿ, ಅಂದರೆ ಸುವಾರ್ತೆ ಸಾರುವ ಬಗ್ಗೆ ನಾನಾ ದೇಶಗಳ ಕ್ರೈಸ್ತರು ಸೇರುವ ಕೂಟದಲ್ಲಿ, ಸುಮಾರು 4,000 ಪ್ರತಿನಿಧಿಗಳನ್ನು ಆರಾರು ಮಂದಿಯ ಮೇಜುಗಳಲ್ಲಿ ಕೂರಿಸಿ, ಬೈಬಲಿನ ಎಫೆಸದವರಿಗೆ ಬರೆದ ಪತ್ರಿಕೆಯನ್ನು ಒಟ್ಟಾಗಿ ಅಧ್ಯಯನ ಮಾಡಿಸಲಾಗಿತ್ತು. ನಾನು ಈ ಎರಡರಲ್ಲಿಯೂ ಪಾಲ್ಗೊಂಡವನಲ್ಲ. ಆದರೆ ಇದೇ ಎರಡು ರೀತಿಗಳಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಮ್ಮೇಳನಕ್ಕೂ ಒಂದು ವಸತಿ ಶಿಬಿರಕ್ಕೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಪಾಸ್ಟರೇಟ್ ಕಮಿಟಿಯ, ಅಂದರೆ ಸಭೆಯ ಆಡಳಿತ ಸಮಿತಿಯ, ಸದಸ್ಯನಾಗಿ ಹೋಗಿದ್ದೆ.

ಕಾಕತಾಳೀಯವೆಂಬಂತೆ ಎರಡೂ ಕಡೆ ಆಧಾರವಾಗಿ ತೆಗೆದುಕೊಂಡ ಗ್ರಂಥ, ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದವನ ಕಥೆ ಹೇಳುವ ಬೈಬಲಿನ ನೆಹೆಮೀಯನದೇ ಆಗಿದ್ದುದರಿಂದ ಹೋಲಿಕೆ ಸುಲಭವಾಯಿತು.

ಸಮ್ಮೇಳನದಲ್ಲಿ ನೆಹೆಮೀಯನು ದರ್ಶನವುಳ್ಳ ಒಬ್ಬ ಮಹಾನಾಯಕನಾಗಿ ಕಾಣಿಸಿಕೊಂಡನು. ಅವನು ಪಾಳುಬಿದ್ದ ಗೋಡೆಯನ್ನು ಇರುಳಿನಲ್ಲಿ ಸುತ್ತಿ ನೋಡಿದ್ದು, ಪರಿಹಾಸ್ಯ ಮಾಡಿದವರಿಗೆ ಕಿವಿಗೊಡದಿದ್ದುದು, 52 ದಿನಗಳಲ್ಲಿ ಕೆಲಸ ಮುಗಿಸಿದ್ದು, ಎಲ್ಲವನ್ನೂ ಭಾಷಣಕಾರರು ಬಹಳ ಸೊಗಸಾಗಿ ಹೇಳಿದರು. ನಮಗೆ ಕೊಟ್ಟ ಪುಸ್ತಿಕೆಯಲ್ಲಿ ಪ್ರತಿ ವಾಕ್ಯದಲ್ಲಿಯೂ ಒಂದೊಂದು ಪದದ ಜಾಗ ಖಾಲಿಯಿತ್ತು. ಪರದೆಯ ಮೇಲೆ ಆ ಪದ ಮೂಡಿದೊಡನೆ ಸಭಾಂಗಣದವರೆಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆ ಭಾಷಣಗಳು ನನ್ನನ್ನು ಹುರಿದುಂಬಿಸಿದವು ಎಂಬುದನ್ನು ಅಲ್ಲಗಳೆಯಲಾರೆ. ವರ್ಷಗಟ್ಟಲೆ ಛಾವಣಿ ದುರಸ್ತಿ, ಸ್ಮಶಾನದ ಕಾಂಪೌಂಡು, ವಾರ್ಷಿಕ ಲೆಕ್ಕಪತ್ರ ಎಂದು ಸವೆದುಹೋದ ಕಮಿಟಿ ಸದಸ್ಯನಿಗೆ, ತಾನು ಮಾಡುತ್ತಿರುವುದು ದೇವರ ಕೆಲಸವೆಂದು ಯಾರಾದರೂ ಗಟ್ಟಿಯಾಗಿ ಹೇಳುವುದು ಬೇಕಾಗಿರುತ್ತದೆ.

ತೊಡಕು ಇದ್ದುದು ಬೇರೆ ಕಡೆ. ಸಭೆಯನ್ನು ತಾನೇ ಸ್ಥಾಪಿಸಿ, ದಶಕಗಳ ಕಾಲ ಅಲ್ಲಿಯೇ ಉಳಿದು, ತನಗೆ ಬೇಕಾದ ಸಹಾಯಕರನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳುವ ಪಾಸ್ಟರೇ ಆ ಉಪದೇಶಗಳ ಮನಸ್ಸಿನಲ್ಲಿದ್ದ ನಾಯಕ. ನಮ್ಮ ಸಭಾಪಾಲಕರಾದರೋ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಅವರ ಜೊತೆ ಕೆಲಸ ಮಾಡಬೇಕಾದ ಕಮಿಟಿಯನ್ನು ಅವರು ಆರಿಸಿಕೊಳ್ಳುವುದಿಲ್ಲ; ಅದು ಚುನಾವಣೆಯಿಂದ ಬರುತ್ತದೆ, ಕೆಲವೊಮ್ಮೆ ಅವರ ವಿರುದ್ಧವಾಗಿಯೇ ಬರುತ್ತದೆ. ‘ನಿಮ್ಮ ತಂಡವನ್ನು ಜಾಗ್ರತೆಯಿಂದ ಆರಿಸಿಕೊಳ್ಳಿ’ ಎಂಬ ಉಪದೇಶವನ್ನು ಅಂತಹವರು ಪುಸ್ತಿಕೆಯಲ್ಲಿ ಬರೆದುಕೊಂಡು ಮಾಡುವುದಾದರೂ ಏನು?

ಶಿಬಿರದಲ್ಲಿ ನಮ್ಮನ್ನು ಸಣ್ಣ ಮೇಜುಗಳಿಗೆ ಹಂಚಿ, ಅದೇ ಗ್ರಂಥದ ಮೂರನೆಯ ಅಧ್ಯಾಯವನ್ನು ಓದಲು ಹೇಳಿದರು. ಯಾರು ಗೋಡೆಯ ಯಾವ ಭಾಗವನ್ನು ಕಟ್ಟಿದರೆಂಬ ಉದ್ದನೆಯ ಪಟ್ಟಿ ಅದು. ಬಹುತೇಕರು ಓದದೆ ಪುಟ ಮಗುಚುವ ಅಧ್ಯಾಯ. ನೆಹೆಮೀಯನ ಮುಂದಾಳತ್ವದ ಮಾತು ಅದರಲ್ಲಿ ಬರುವುದೇ ಇಲ್ಲ. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನು ಕಟ್ಟಿಕೊಂಡವರು, ಇಂಥವರ ಹೆಸರುಗಳೇ ತುಂಬಿವೆ. ನಮ್ಮ ಮೇಜಿನಲ್ಲಿದ್ದ, ಕೋಲಾರದ ಕಡೆಯಿಂದ ಬಂದ ಹಿರಿಯ ಖಜಾಂಚಿಯೊಬ್ಬರು ಐದನೆಯ ವಚನದಲ್ಲಿ ಬೆರಳಿಟ್ಟರು: ತೆಕೋವ ಎಂಬ ಊರಿನ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲ. “ನಮ್ಮಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವವರು ಇದ್ದಾರೆ, ಹಬ್ಬದ ದಿನ ಬೆಂಚು ಎತ್ತಿಡುವವರು ಮಾತ್ರ ಯಾವಾಗಲೂ ಅದೇ ನಾಲ್ಕು ಮಂದಿ” ಎಂದರು. ಸ್ತ್ರೀಯರ ಕೂಟದ ಕಾರ್ಯದರ್ಶಿಯಾಗಿದ್ದ ಅಮ್ಮನವರು ಹನ್ನೆರಡನೆಯ ವಚನವನ್ನು ಓದಿ, ಶಲ್ಲೂಮನು ತನ್ನ ಹೆಣ್ಣುಮಕ್ಕಳೊಡನೆ ಗೋಡೆ ಕಟ್ಟಿದನೆಂದು ಇಲ್ಲಿದೆಯಲ್ಲ, ಹಾಗಾದರೆ ನಮ್ಮ ಸಭೆಗಳ ಕಟ್ಟಡ ಸಮಿತಿಗಳಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಕೇಳಿದರು. ಮೇಜಿನಲ್ಲಿದ್ದ ಯಾರ ಬಳಿಯೂ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಅಂದು ಮಧ್ಯಾಹ್ನವೇ ಐದನೆಯ ಅಧ್ಯಾಯಕ್ಕೆ ಬಂದೆವು. ಹೊಲವನ್ನೂ ಮನೆಯನ್ನೂ ಅಡವಿಟ್ಟ ಬಡವರು ಅಲ್ಲಿ ತಮ್ಮ ಕುಲದ ಮುಖಂಡರ ಮೇಲೆಯೇ ದೂರು ತರುತ್ತಾರೆ. ಗೋಡೆ ಏಳುತ್ತಿರುವಾಗಲೇ, ಕೆಲಸ ಮುಂದುವರಿಯುವ ಮುಂಚೆ ಮುಖಂಡರು ಲೆಕ್ಕ ಒಪ್ಪಿಸಬೇಕಾಗಿ ಬಂದ ಆ ಪ್ರಸಂಗವನ್ನು ಸಮ್ಮೇಳನದಲ್ಲಿ ಯಾರೂ ಎತ್ತಿರಲಿಲ್ಲ.

ಇದು ನನಗೆ ಸಣ್ಣ ಲೋಪವಾಗಿ ತೋರುವುದಿಲ್ಲ. ವಿಲೋ ಕ್ರೀಕ್ ಸಭೆಯ ಸ್ಥಾಪಕ ಬಿಲ್ ಹೈಬೆಲ್ಸ್ ಅವರು ಮಹಿಳೆಯರೊಂದಿಗಿನ ಅನುಚಿತ ವರ್ತನೆಯ ಆರೋಪಗಳನ್ನು ನಿರಾಕರಿಸುತ್ತಲೇ 2018ರ ಏಪ್ರಿಲ್‌ನಲ್ಲಿ ಹುದ್ದೆಯನ್ನು ಬಿಟ್ಟರು. ಆ ಪ್ರಕರಣವನ್ನು ನಿಭಾಯಿಸಿದ ರೀತಿಗೆ ಕ್ಷಮೆ ಕೇಳಿ ಅಲ್ಲಿಯ ಹಿರಿಯರ ಮಂಡಳಿಯೂ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟಿತು. ನಾಯಕತ್ವವನ್ನು ಕಲಿಸುವವರನ್ನು ಪ್ರಶ್ನಿಸುವವರು ಯಾರು ಎಂಬುದು ಆಮೇಲೆ ಎಲ್ಲೆಡೆ ಕೇಳಿಬಂದ ಮಾತು. ಪರದೆಯ ಮೇಲಿನ ಭಾಷಣಕಾರರಿಗೆ ಪ್ರಶ್ನೆ ಹಾಕಲಾಗದು. ಮೇಜಿನಲ್ಲಿ ಎದುರಿಗೆ ಕುಳಿತ ಖಜಾಂಚಿಗೆ ಹಾಕಬಹುದು, ಅವರೂ ನಮಗೆ ತಿರುಗಿ ಹಾಕುತ್ತಾರೆ.

ಮೇಜಿನ ಮಾದರಿಗೂ ಕುಂದುಗಳಿವೆ. ಧರ್ಮಪ್ರಾಂತದ ಅಧಿಕಾರಿಯೊಬ್ಬರು ಬಂದು ಕುಳಿತ ಪಕ್ಕದ ಮೇಜಿನಲ್ಲಿ ಉಳಿದವರೆಲ್ಲ ‘ಹೌದು ಅಯ್ಯನವರೇ’ ಎಂಬುದರಾಚೆಗೆ ಹೋಗಲಿಲ್ಲ. ಮಾತು ಹಳಿ ತಪ್ಪಿ ಹಳೆಯ ಚುನಾವಣೆಯ ಜಗಳಕ್ಕೆ ಇಳಿದದ್ದೂ ಉಂಟು. ರಾತ್ರಿ ಉಳಿಯಬೇಕಾಗುವುದರಿಂದ ಕೂಲಿ ಕೆಲಸದವರಿಗೂ ಚಿಕ್ಕ ಮಕ್ಕಳಿರುವ ತಾಯಂದಿರಿಗೂ ಬರುವುದು ಕಷ್ಟ. ಊಟ, ವಸತಿ, ವ್ಯವಸ್ಥೆಗಳಲ್ಲಿ ಸಮ್ಮೇಳನವೇ ಮೇಲು.

ಸಭೆಯು ಒಬ್ಬರನ್ನು ಮಾತ್ರ ಕಳುಹಿಸಬಲ್ಲದಾದರೆ, ಅದರಲ್ಲಿಯೂ ಆ ವ್ಯಕ್ತಿ ದಣಿದಿದ್ದರೆ, ವೇದಿಕೆಯ ಸಮ್ಮೇಳನವನ್ನೇ ಆರಿಸಿಕೊಳ್ಳಬಹುದು. ಮೂವರನ್ನು ಕಳುಹಿಸುವ ಶಕ್ತಿಯಿದ್ದಲ್ಲಿ ಶಿಬಿರವೇ ನನ್ನ ಆಯ್ಕೆ. ಆದರೆ ಸಭಾಪಾಲಕರು, ಕಾರ್ಯದರ್ಶಿ, ಖಜಾಂಚಿ ಎಂಬ ವಾಡಿಕೆಯ ಮೂವರನ್ನಲ್ಲ, ಖಜಾಂಚಿಯ ಜೊತೆ ಸ್ತ್ರೀಯರ ಕೂಟದ ಒಬ್ಬರನ್ನೂ ಈಚೆಗಷ್ಟೇ ಕಮಿಟಿಗೆ ಬಂದ ಯುವಕ ಅಥವಾ ಯುವತಿಯೊಬ್ಬರನ್ನೂ ಕಳುಹಿಸಬೇಕು, ಮತ್ತು ಅವರನ್ನು ಬೇರೆ ಬೇರೆ ಮೇಜುಗಳಲ್ಲಿ ಕೂರಿಸುವಂತೆ ಸಂಘಟಕರಿಗೆ ಮೊದಲೇ ಪತ್ರ ಬರೆದಿರಬೇಕು.