ವೀಕೆಂಡ್‌ಗೆ ಯಾವ ಸಿನಿಮಾ ಹಾಕ್ಲಿ: ನೊಸ್ಫೆರಾಟು, ಡೆಡ್‌ಪೂಲ್, ರೆಡ್ ಒನ್?

ಮೂರೂ 2024ರವೇ, ಮೂರೂ ಎರಡು ಗಂಟೆ ದಾಟ್ತವೆ, ಹಾಗಾಗಿ ಟೈಮ್ ನೋಡಿ ಆರಿಸೋಕಾಗಲ್ಲ, ಜೊತೆಗೆ ಯಾರು ಕೂತಿರ್ತಾರೆ ಅನ್ನೋದೇ ಮುಖ್ಯ. ಸ್ವಲ್ಪ ದೊಡ್ಡ ಮಕ್ಕಳಿದ್ರೆ ರೆಡ್ ಒನ್, ಸಾಂಟಾನೇ ಕಿಡ್ನಾಪ್ ಆಗೋ ಕ್ರಿಸ್‌ಮಸ್ ಕಥೆ, ತೆಳು ಆದ್ರೂ ಬೋರ್ ಹೊಡಿಸಲ್ಲ. ಸೂಪರ್‌ಹೀರೋ ಸಿನಿಮಾ ಡೆಡ್‌ಪೂಲ್ ಅಂಡ್ ವೊಲ್ವರಿನ್ ಫ್ರೆಂಡ್ಸ್ ಗ್ಯಾಂಗ್‌ಗೆ, ರಕ್ತ ಬೈಗುಳ ಎರಡೂ ಜಾಸ್ತಿ, ಅಪ್ಪ ಅಮ್ಮನ ಜೊತೆ ಬೇಡ್ವೇ ಬೇಡ, ಮತ್ತೆ ವೊಲ್ವರಿನ್‌ದೇ 2017ರ ಸಿನಿಮಾ ಲೋಗನ್ ನೋಡಿದ್ರೆ ಶುರುವಿನ ಸೀನ್ ಮಜಾನೇ ಬೇರೆ. ನೊಸ್ಫೆರಾಟು ಒಬ್ರೇ ಲೈಟ್ ಆಫ್ ಮಾಡಿ ನೋಡ್ಬೇಕು. ಮೇಣದಬತ್ತಿ ಬೆಳಕು, ರಕ್ತ ಹೀರೋ ಪಿಶಾಚಿ ಓರ್ಲಾಕ್ ಎಳೆದೆಳೆದು ಉಸಿರು ಬಿಡೋ ಸೌಂಡು, ಭಯ ನಿಧಾನಕ್ಕೆ ಮೈಗೆ ಹತ್ತುತ್ತೆ, ಮೊಬೈಲಲ್ಲಿ ನೋಡಿದ್ರೆ ಆ ಕತ್ತಲೆಲಿ ಏನೂ ಕಾಣಲ್ಲ. ನಂಗಂತೂ ಇದೇ ಇಷ್ಟ, ಆದ್ರೆ ಕೆಲಸ ಮುಗಿಸಿ ಸುಸ್ತಾಗಿ ಬಂದ ರಾತ್ರಿ ಡೆಡ್‌ಪೂಲೇ ಸರಿ.