ಶಟರ್ ಹಗುರಾಯ್ತು ಅಂತ ದುಡ್ಡು ಕೊಡಬೇಡಿ, ಸ್ಪ್ರಿಂಗ್ ನೋಡಿ ಕೊಡಿ

ಅಂಗಡಿ ಇಟ್ಟವರೆಲ್ಲ ದಯವಿಟ್ಟು ಓದಿ. ಅದರಲ್ಲೂ ಬೆಳಿಗ್ಗೆ ಒಬ್ಬರೇ ಬಂದು ಶಟರ್ ಎತ್ತುವ ಹೆಣ್ಣುಮಕ್ಕಳು ಓದಲೇಬೇಕು. ಶಟರಿನ ಸ್ಪ್ರಿಂಗ್ ಬದಲಾಯಿಸುತ್ತೇನೆ ಅಂತ ಬಂದವನು ನನ್ನ ಹತ್ತಿರ 4,200 ರೂಪಾಯಿ ತೆಗೆದುಕೊಂಡು, ಹಳೇ ಸ್ಪ್ರಿಂಗಿಗೇ ಕಪ್ಪು ಬಣ್ಣ ಬಳಿದು ಹೋಗಿದ್ದಾನೆ. ಹಳೇ ಸ್ಪ್ರಿಂಗಿಗೆ! ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು.

ನಮ್ಮದು ಸಾಗರದಲ್ಲಿ ಪುಸ್ತಕ, ಸ್ಟೇಷನರಿ ಅಂಗಡಿ. 9 ಅಡಿ ಅಗಲ, 8 ಅಡಿ ಎತ್ತರದ ಶಟರ್. ಕೈಯಲ್ಲೇ ಎತ್ತಿ ಇಳಿಸುವಂಥದ್ದು, ಚೈನ್ ಇಲ್ಲ. ನಮ್ಮ ಕಡೆ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಕಬ್ಬಿಣ ಒಣಗುವುದೇ ಇಲ್ಲ. ಶಟರಿನ ಪಟ್ಟಿಗೆ ಪೇಂಟ್ ಹೊಡೆಸುತ್ತೇವೆ, ಕೆಳಗೆ ಗ್ರೀಸ್ ಹಚ್ಚುತ್ತೇವೆ. ಮೇಲೆ ಡಬ್ಬಿಯೊಳಗೆ ಕೂತಿರುವ ಸ್ಪ್ರಿಂಗನ್ನು ಯಾರು ನೋಡುತ್ತಾರೆ ಹೇಳಿ?

ಈ ಬೇಸಿಗೆಯಲ್ಲಿ ಶಟರ್ ಭಾರ ಆಗತೊಡಗಿತು. ಮೊದಲು ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಆಮೇಲೆ ಎರಡು ಕೈ ಬೇಕಾಯಿತು. ಆಮೇಲೆ ಪಕ್ಕದ ಬೇಕರಿ ಹುಡುಗನನ್ನು ಕರೆಯುವಂತಾಯಿತು. ಸೊಂಟದ ಮಟ್ಟಕ್ಕೆ ಎತ್ತಿ ಕೈ ಬಿಟ್ಟರೆ ನಿಲ್ಲುತ್ತಿರಲಿಲ್ಲ, ಸರಸರ ಕೆಳಗೆ ಜಾರುತ್ತಿತ್ತು. ಇಳಿಸುವಾಗ ಕೊನೆಯ ಎರಡಡಿ ದಬ್ ಅಂತ ಬೀಳುತ್ತಿತ್ತು. ತೆಗೆಯುವಾಗ ತಲೆ ಮೇಲೆ ತುಕ್ಕಿನ ಪುಡಿ. ಎರಡೂ ಪಕ್ಕದ ಗೈಡ್, ಅಂದರೆ ಶಟರ್ ಓಡುವ ಕಬ್ಬಿಣದ ಗಾಡಿ ಒರೆಸಿ ಗ್ರೀಸ್ ಹಚ್ಚಿ ನೋಡಿದೆವು, ಸದ್ದು ಹೋಯಿತೇ ಹೊರತು ಭಾರ ಹೋಗಲಿಲ್ಲ. ಇಷ್ಟೆಲ್ಲ ಆದರೆ ಸ್ಪ್ರಿಂಗ್ ಮುಗಿದಿದೆ ಅಂತಲೇ ಅರ್ಥ. ಆ ಅಳತೆಯ, 18 ಗೇಜ್ ದಪ್ಪದ ತಗಡಿನ ಶಟರ್ 80 ಕೆ.ಜಿ. ಆಸುಪಾಸು ತೂಗುತ್ತದೆ. ಅದನ್ನು ನಾವು ಎತ್ತುವುದೇ ಅಲ್ಲ. ರಾತ್ರಿ ಕೆಳಗೆ ಎಳೆಯುವಾಗ ಪೈಪಿನ ಸುತ್ತ ಇರುವ ಸ್ಪ್ರಿಂಗ್ ಬಿಗಿಯಾಗುತ್ತದೆ, ಬೆಳಿಗ್ಗೆ ಆ ಬಿಗಿಯೇ ಎತ್ತಿ ಕೊಡುತ್ತದೆ. ಸ್ಪ್ರಿಂಗ್ ಸೋತಷ್ಟೂ ಭಾರ ನಮ್ಮ ಹೆಗಲಿಗೆ ಬರುತ್ತದೆ.

ಸರಿ, ಶಟರ್ ರಿಪೇರಿಯವರ ನಂಬರ್ ಎಲ್ಲಿ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಪ್ರತಿ ಅಂಗಡಿಯ ಶಟರ್ ಮೇಲೂ ಸ್ಟೆನ್ಸಿಲ್ ಇಟ್ಟು ಹೊಡೆದಿರುತ್ತಾರಲ್ಲ, ಅದೇ. ಫೋನ್ ಮಾಡಿದೆ. ರಿಪೇರಿಯವನು ಶಿವಮೊಗ್ಗದಿಂದ ಒಬ್ಬ ಹುಡುಗನನ್ನು ಕರೆದುಕೊಂಡು ಬಂದ. ಎರಡು ಸಲ ಎತ್ತಿ ಇಳಿಸಿ ನೋಡಿ, "ಅಕ್ಕಾ, ನಾಲ್ಕೂ ಸ್ಪ್ರಿಂಗ್ ಹೋಗಿದೆ. ಒಂದು ಹಾಕಿದ್ರೆ ಉಳಿದಿದ್ದು ಮತ್ತೆ ಹೋಗ್ತದೆ, ಎಲ್ಲಾ ಒಟ್ಟಿಗೆ ಹಾಕ್ಸಿಬಿಡಿ" ಅಂದ. ಆ ಮಾತು ಸುಳ್ಳಲ್ಲ. ಎಲ್ಲ ಒಂದೇ ವಯಸ್ಸಿನವು, ಒಂದು ತುಂಡಾದರೆ ಅದರ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಒಂದಕ್ಕೆ 850ರ ಹಾಗೆ ನಾಲ್ಕಕ್ಕೆ 3,400, ಕೂಲಿ 800. ಚೌಕಾಸಿ ಮಾಡಿದೆ, ಇಳಿಸಲಿಲ್ಲ. ಒಪ್ಪಿದೆ.

ಕೆಲಸ ಶುರುವಾದ ಮೇಲೆ, "ಅಕ್ಕಾ, ಧೂಳು ಬೀಳ್ತದೆ, ಒಳಗೆ ಪುಸ್ತಕ ಎಲ್ಲ ಮುಚ್ಚಿ, ನೀವು ಹೊರಗೆ ಕೂತ್ಕೊಳ್ಳಿ" ಅಂದ. ಎಷ್ಟು ಕಾಳಜಿ ಅನ್ನಿಸಿತು. ಬೇಕರಿಯಿಂದ ಇಬ್ಬರಿಗೂ ಟೀ ತರಿಸಿ ಕೊಟ್ಟೆ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನು ಒಳಗೆ ನನ್ನ ಹಳೇ ಸ್ಪ್ರಿಂಗಿಗೆ ಬಣ್ಣ ಬಳಿಯುತ್ತಿದ್ದಾಗ ನಾನು ಹೊರಗೆ ಅವನಿಗೆ ಟೀ ತರಿಸುತ್ತಿದ್ದೆ. ಮುಗಿದ ಮೇಲೆ ಹಳೇ ಸಾಮಾನು ಕೇಳಿದೆ. "ಅದು ಗುಜರಿ ಅಕ್ಕಾ, ನಿಮಗ್ಯಾಕೆ, ಗಾಡಿಗೆ ಹಾಕಿ ಆಯ್ತು" ಅಂದ. ಗೋಣಿಚೀಲ ಕಟ್ಟಿದ್ದು ಕಂಡಿತು. ಅದರಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಆಮೇಲೆ ಶಟರ್ ಹೇಗೆ ಮೇಲೆ ಹೋಗುತ್ತಿತ್ತು ಗೊತ್ತಾ? ಬೆರಳು ತಾಗಿಸಿದರೆ ಸಾಕು, ಜುಯ್ ಅಂತ ಓಡಿ ಮೇಲೆ ಬಡಿಯುತ್ತಿತ್ತು. ನನಗೆ ಖುಷಿಯೋ ಖುಷಿ. ಹೊಸ ಸ್ಪ್ರಿಂಗ್ ಅಂದರೆ ಹೀಗೆ ಅಂತ ಬೇಕರಿಯವರಿಗೂ ಅದೇ ನಂಬರ್ ಕೊಟ್ಟೆ. ನನಗೆ ಆಗ ಒಂದು ವಿಷಯ ಯಾರೂ ಹೇಳಿರಲಿಲ್ಲ, ಇದನ್ನೇ ಮುಖ್ಯವಾಗಿ ಹೇಳಬೇಕು ಅಂತ ಈ ಬರಹ. ಸೋತ ಸ್ಪ್ರಿಂಗನ್ನೇ ಬಿಗಿ ಮಾಡಿದರೂ ಶಟರ್ ಹಗುರ ಆಗುತ್ತದೆ. ಪೈಪನ್ನು ಬ್ರಾಕೆಟ್‌ಗೆ ಹಿಡಿದಿರುವ ಬೋಲ್ಟ್ ಸಡಿಲಿಸಿ, ಪೈಪ್ ಪಾನಾ ಹಾಕಿ ಒಂದೆರಡು ಸುತ್ತು ಜಾಸ್ತಿ ತಿರುಗಿಸಿ ಮತ್ತೆ ಬೋಲ್ಟ್ ಬಿಗಿದರೆ ಮುಗಿಯಿತು. ಒಂದು ಪೈಸೆ ಸಾಮಾನು ಬೇಡ. ಹೊಸದು ಹಾಕಿದ ಹಾಗೇ ಕಾಣುತ್ತದೆ, ಹೊಸದು ಹಾಕಿದ ಹಾಗೇ ಎತ್ತಬಹುದು. ಆದರೆ ತುಕ್ಕು ತಿಂದ ತಂತಿಗೆ ಆ ಬಿಗಿ ತಾಳುವ ಶಕ್ತಿ ಎಲ್ಲಿಂದ ಬರಬೇಕು? ಸರಿಯಾದ ಶಟರ್ ತಾನಾಗಿ ಓಡಿ ಮೇಲೆ ಬಡಿಯಬಾರದು. ಅರ್ಧಕ್ಕೆ ಬಿಟ್ಟರೆ ಅಲ್ಲೇ ನಿಲ್ಲಬೇಕು. ಜಾರಿದರೆ ಬಿಗಿ ಕಡಿಮೆ, ಓಡಿದರೆ ಬಿಗಿ ಜಾಸ್ತಿ.

ಶಾಲೆ ಶುರುವಾದ ವಾರವೇ ಕೈ ಕೊಟ್ಟಿತು. ವರ್ಷದಲ್ಲಿ ನಮಗೆ ವ್ಯಾಪಾರ ಅಂತ ಆಗುವುದೇ ಆ ಕೆಲವು ದಿನ. ಮಳೆಯಲ್ಲಿ ಅಪ್ಪ ಅಮ್ಮಂದಿರು ನೋಟ್‌ಬುಕ್ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ನಾನು ಶಟರ್ ಎತ್ತಿದೆ, ಎದೆ ಮಟ್ಟಕ್ಕೆ ಬಂತು, ಡಬ್ಬಿಯೊಳಗೆ ಟಣ್ ಅಂತ ಶಬ್ದ. ಎಡಗಡೆ ಕುಸಿಯಿತು. ಇಡೀ ಶಟರ್ ಓರೆಯಾಗಿ ನನ್ನ ಕೈ ಮೇಲೇ ಬಂತು. ಒಂದು ಮಗು ಬಗ್ಗಿ ಒಳಗೆ ನುಗ್ಗಲು ನೋಡುತ್ತಿತ್ತು, ಅದರಮ್ಮ ಹಿಂದಕ್ಕೆ ಎಳೆದುಕೊಂಡರು. ಆ ತಾಯಿಗೆ ಎಷ್ಟು ಕೈ ಮುಗಿದರೂ ಸಾಲದು. ಆಟೋದವರು, ಬೇಕರಿ ಹುಡುಗ ಎಲ್ಲ ಬಂದು ಎತ್ತಿ ಹಿಡಿದು ಕೆಳಗೆ ಬೆಂಚು ಕೊಟ್ಟರು. "ಈಗಷ್ಟೇ ರಿಪೇರಿ ಮಾಡ್ಸಿದ್ರಲ್ಲ ಮೇಡಂ?" ಅಂತ ಎಲ್ಲರೂ ಕೇಳುವವರೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅರ್ಧ ಗಿರಾಕಿ ಎದುರಿನ ಅಂಗಡಿಗೆ ಹೋದರು.

ನಮ್ಮೂರಿನ ಹಿರಿಯ ವೆಲ್ಡರ್ ಒಬ್ಬರು ಬಂದು ಡಬ್ಬಿ ಬಿಚ್ಚಿದರು. ನನ್ನನ್ನೇ ಏಣಿ ಹತ್ತಿಸಿದರು. "ಇಲ್ಲಿ ಮುಟ್ಟಿ ನೋಡಮ್ಮ" ಅಂದರು. ಮುಟ್ಟಿದೆ. ನೋಡಲು ಕಪ್ಪಗೆ ಮಿರಿಮಿರಿ, ಬೆರಳಿಗೆ ತರಿತರಿ. ಉಗುರಿನಿಂದ ಕೆರೆದರೆ ಬಣ್ಣ ಪದರ ಪದರವಾಗಿ ಎದ್ದು ಬಂತು, ಕೆಳಗೆ ಕೆಂಪು ತುಕ್ಕು. ನಾಲ್ಕರಲ್ಲಿ ಒಂದೂ ಹೊಸದಲ್ಲ. ಒಂದೂ ಅಲ್ಲ! ಬಣ್ಣ ಪೈಪಿನ ಮೇಲೂ ಸೋರಿತ್ತು, ಸ್ಪ್ರಿಂಗ್ ಬಿಚ್ಚುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಏಣಿಯ ಮೇಲೆ ನಿಂತು ಅತ್ತುಬಿಟ್ಟೆ. ದುಡ್ಡಿಗಲ್ಲ. ಹೊರಗೆ ಕೂರಿಸಿ, ಅಕ್ಕಾ ಅಕ್ಕಾ ಅಂತ ಕರೆದು ಹೀಗೆ ಮಾಡಿದನಲ್ಲ ಅಂತ.

ಫೋನ್ ಮಾಡಿದೆ. ಅವನ ಉತ್ತರ ಹೇಗಿತ್ತು ಕೇಳಿ. ಮೊದಲು, "ಮಳೆಗೆ ಹಂಗೇ ಆಗೋದು ಅಕ್ಕಾ." ಹಾಕಿ ತಿಂಗಳಾಗಿದೆ, ಮಳೆ ಈಗ ಬಂದಿದೆ ಅಂದೆ. "ನೀವು ಜೋರಾಗಿ ಎಳೆದಿರ್ತೀರಿ." ಫೋಟೋ ಕಳಿಸಿದೆ, ತುಕ್ಕು ಕಾಣುವ ಹಾಗೆ. "ಆ ಪೇಂಟ್ ಕಂಪನಿಯಿಂದ್ಲೇ ಬರೋದು." ಪೇಂಟಿನ ಕೆಳಗೆ ತುಕ್ಕೂ ಕಂಪನಿಯಿಂದಲೇ ಬರುತ್ತದಾ ಅಂತ ಕೇಳಿದೆ. ಆಗ ಏನಂದ ಗೊತ್ತಾ? "ಮನೇಲಿ ಗಂಡಸರಿದ್ರೆ ಫೋನ್ ಕೊಡಿ, ನಿಮಗೆ ಇದೆಲ್ಲ ಅರ್ಥ ಆಗಲ್ಲ." ಅಂಗಡಿ ನನ್ನದು, ದುಡ್ಡು ನನ್ನದು, ಹೆಗಲು ನೋವು ನನ್ನದು. ಮಾತಾಡುವುದಕ್ಕೆ ಮಾತ್ರ ಗಂಡಸು ಬೇಕಾ? ಮಾರನೇ ದಿನ ನಮ್ಮ ಯಜಮಾನರೇ ಮಾಡಿದರು. ಅವರ ಹತ್ತಿರ, "ಗ್ಯಾರಂಟಿ ಕೆಲಸಕ್ಕೆ ಮಾತ್ರ ಸಾರ್, ಸ್ಪ್ರಿಂಗಿಗಿಲ್ಲ" ಅಂದ. ಆಮೇಲೆ ಇಬ್ಬರ ನಂಬರೂ ಬ್ಲಾಕ್.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಮರ್ಯಾದೆಯಿಂದ ಮಾತಾಡಿದರು, ದೂರು ಬರೆದುಕೊಂಡರು, ಬಿಲ್ ಕೇಳಿದರು. ನನ್ನ ಹತ್ತಿರ ಇರುವುದು "ಶಟರ್ ಕೆಲಸ 4200" ಅಂತ ಬರೆದ ಚೀಟಿ. ಹೆಸರಿಲ್ಲ, ಸ್ಪ್ರಿಂಗ್ ಅನ್ನುವ ಪದವೇ ಇಲ್ಲ. ಯುಪಿಐನಲ್ಲಿ ಕಳಿಸಿದ್ದರಿಂದ ದುಡ್ಡು ಹೋದ ದಾಖಲೆ ಒಂದು ಉಳಿದಿದೆ.

ಸಿವಿಲ್ ಕಂಟ್ರಾಕ್ಟರ್ ಆಗಿರುವ ನನ್ನ ತಮ್ಮ ಆಮೇಲೆ ಹೇಳಿದ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಶಟರ್ ಸ್ಪ್ರಿಂಗ್ 27.5 ಸೆಂ.ಮೀ. ಉದ್ದ ಇರಬೇಕು, ಐಎಸ್ 4454 ಅನ್ನುವ ಭಾರತೀಯ ಮಾನಕದ ಪ್ರಕಾರದ ಗಟ್ಟಿ ಉಕ್ಕಿನ ತಂತಿಯದ್ದಾಗಿರಬೇಕು ಅಂತ ಬರೆದೇ ಇದೆಯಂತೆ. ನಮ್ಮ ಅಂಗಡಿಗೆ ಆ ಕಾನೂನೇನೂ ಇಲ್ಲ, ಆದರೆ ಬಿಲ್‌ನಲ್ಲಿ ಬರೆಸಿಕೊಳ್ಳಲು ಅಷ್ಟು ಸಾಕು. ಎಷ್ಟು ಸ್ಪ್ರಿಂಗ್, ಎಂಥ ಸ್ಪ್ರಿಂಗ್, ಎಷ್ಟು ತಿಂಗಳ ಗ್ಯಾರಂಟಿ, ಅದು ಸಾಮಾನಿಗೋ ಕೂಲಿಗೋ. ಹೊಸದನ್ನು ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡಿ, ಫೋಟೋ ತೆಗೆಯಿರಿ. ಹಳೇದು ನಿಮ್ಮ ಅಂಗಡಿಯಲ್ಲೇ ಬಿದ್ದಿರಲಿ, ಗುಜರಿಗೆ ನೀವೇ ಹಾಕಿ. ಹೊರಗೆ ಕೂತ್ಕೊಳ್ಳಿ ಅಂದರೆ ಕೂರಬೇಡಿ. ಹಾಗಂತ ಬಿಗಿ ಇರುವ ಸ್ಪ್ರಿಂಗನ್ನು ನೀವೇ ಬಿಚ್ಚಲು ಹೋಗಬೇಡಿ, ಪಾನಾ ತಪ್ಪಿದರೆ ಕೈ ಮುರಿಯುತ್ತದೆ. ಶಟರ್ ಓರೆಯಾಗಿ ಹೋಗುತ್ತಿದ್ದರೆ ಅದರ ಕೆಳಗೆ ಯಾರನ್ನೂ ನಿಲ್ಲಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ.

ಹಿರಿಯರು ನಾಲ್ಕೂ ಹೊಸದು ಹಾಕಿಕೊಟ್ಟರು, ನನ್ನ ಕಣ್ಣೆದುರಿಗೆ. ಮತ್ತೆ ದುಡ್ಡು ಕೊಟ್ಟೆ, ಕೊಡಲೇಬೇಕಲ್ಲ. ಬಣ್ಣ ಬಳಿದ ನಾಲ್ಕು ಸ್ಪ್ರಿಂಗ್ ಕೌಂಟರ್ ಪಕ್ಕದಲ್ಲೇ ಇಟ್ಟಿದ್ದೇನೆ. ಬಂದವರಿಗೆಲ್ಲ ತೋರಿಸುತ್ತಿದ್ದೇನೆ, ಮುಟ್ಟಿ ನೋಡಿ ಅನ್ನುತ್ತಿದ್ದೇನೆ. ಸಾಗರ, ಸೊರಬ, ಹೊಸನಗರ ಕಡೆಯವರು ಯಾರಾದರೂ ಇತ್ತೀಚೆಗೆ ಸ್ಪ್ರಿಂಗ್ ಹಾಕಿಸಿದ್ದರೆ ಇವತ್ತೇ ಡಬ್ಬಿ ತೆಗೆಸಿ ನೋಡಿ. ನಿಮಗೂ ಹೀಗೇ ಆಗಿದ್ದರೆ ಹೇಳಿ, ನಾಲ್ಕು ಜನ ಸೇರಿದರೆ ದೂರಿಗೆ ಬಲ ಬರುತ್ತದೆ. ನಾನಂತೂ 4,200 ವಾಪಸ್ ಬರುವ ತನಕ ಬಿಡುವುದಿಲ್ಲ.