ಹಿತ್ತಾಳೆ, ಪಿವಿಡಿ, ಪೌಡರ್ ಕೋಟಿಂಗ್: ಮನೆಯ ಮೆಟ್ಟಿಲಿಗೆ ಮಾಡಿಸಿದ ಲೋಹದ ಕೆಲಸ ಹೇಗೆ ಬಾಳಿದೆ?

ಬನಶಂಕರಿಯಲ್ಲಿರುವ ನಮ್ಮ ಮನೆಯನ್ನು 2018ರಲ್ಲಿ ಕಟ್ಟಿಸಿದಾಗ ಮೆಟ್ಟಿಲುಗಳಿಗೆ ಮೂರು ಬಗೆಯ ಲೋಹದ ಕೆಲಸ ಮಾಡಿಸಿದೆವು. ಕೆಳಗಿನಿಂದ ಮೊದಲ ಮಹಡಿಯವರೆಗೆ ಹಿತ್ತಾಳೆಯ ಹ್ಯಾಂಡ್‌ರೇಲ್, ಅಲ್ಲಿಂದ ಎರಡನೆಯ ಮಹಡಿಗೆ ಬಂಗಾರದ ಬಣ್ಣದ ಪಿವಿಡಿ ಲೇಪನವಿರುವ (ಲೋಹದ ಆವಿಯಿಂದ ಕೂರಿಸುವ ತೆಳು ಪದರ) ಸ್ಟೇನ್‌ಲೆಸ್ ಸ್ಟೀಲ್, ತಾರಸಿಗೆ ಹೋಗುವ ಹೊರಮೆಟ್ಟಿಲಿಗೆ ಕಪ್ಪು ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಒಲೆಯಲ್ಲಿ ಬೇಯಿಸಿ ಕೂರಿಸುವ ಲೇಪನ) ಮಾಡಿದ ಕಬ್ಬಿಣದ ರೇಲಿಂಗ್. ಮೂರನ್ನೂ ಬಳಸುವವರು ಒಂದೇ ಮನೆಯವರು, ಒರೆಸುವ ನೀರೂ ಒಂದೇ. ಆದ್ದರಿಂದ ಹೋಲಿಕೆ ಸಾಧ್ಯವಾಗಿದೆ.

ಮೊದಲು ಹಿತ್ತಾಳೆಯ ಮಾತು. ಹೊಳಪು ಉಳಿಯಲೆಂದು ಅದಕ್ಕೆ ಪಾರದರ್ಶಕ ಲ್ಯಾಕರ್ ಹೊಡೆದಿದ್ದರು. ಗೋಡೆಯ ಬದಿಯಲ್ಲಿ, ಯಾರೂ ಹೆಚ್ಚು ಮುಟ್ಟದ ಕಡೆ, ಆ ಲ್ಯಾಕರ್ ವರ್ಷಗಟ್ಟಲೆ ಚೆನ್ನಾಗಿಯೇ ನಿಂತಿತು. ಆದರೆ ಲ್ಯಾಂಡಿಂಗ್‌ನ ತಿರುವಿನಲ್ಲಿ ಪ್ರತಿಯೊಬ್ಬರೂ ಗಟ್ಟಿಯಾಗಿ ಹಿಡಿದು ಹತ್ತುವ ಜಾಗದಲ್ಲಿ ಅದು ಮೊದಲು ಸವೆಯಿತು. ಸವೆದ ಅಂಚಿನಿಂದ ಗಾಳಿಯೂ ಬೆವರೂ ಒಳನುಗ್ಗಿ, ಲ್ಯಾಕರ್‌ನ ಅಡಿಯಲ್ಲಿ ಬೇರಿನಂತೆ ಕವಲೊಡೆದ ಕಂದು ಗೆರೆಗಳು ಹರಡಿದವು. ಈ ಕಲೆಗಳನ್ನು ಮೇಲಿನಿಂದ ಎಷ್ಟು ಉಜ್ಜಿದರೂ ಫಲವಿಲ್ಲ, ಏಕೆಂದರೆ ಅವು ಇರುವುದು ಲೇಪನದ ಕೆಳಗೆ. ಕೊನೆಗೆ ಲ್ಯಾಕರ್ ಪೂರ್ತಿ ತೆಗೆಸಿ, ಬಫಿಂಗ್ ಮಾಡಿಸಿ, ಲೋಹವನ್ನು ಹಾಗೆಯೇ ಬಿಟ್ಟೆವು. ಈಗ ಕೈ ಸೋಕುವ ಭಾಗ ತಾನಾಗಿ ಹೊಳೆಯುತ್ತದೆ, ಉಳಿದ ಭಾಗ ಜೇನಿನ ಬಣ್ಣಕ್ಕೆ ತಿರುಗಿದೆ. ಆಯುಧಪೂಜೆಗೆ ಮುನ್ನ ದೇವರ ಪಾತ್ರೆಗಳ ಜೊತೆಗೆ ಇದಕ್ಕೂ ಹುಣಸೆಹಣ್ಣಿನ ಉಪಚಾರ ನಡೆಯುತ್ತದೆ. ಉಜ್ಜಿದ ಬಳಿಕ ಹುಳಿ ಉಳಿಯದಂತೆ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಮೆಟ್ಟಿಲು ಮಾರ್ಬಲ್‌ನದಾಗಿದ್ದರೆ ಹುಳಿ ಕೆಳಗೆ ತೊಟ್ಟಿಕ್ಕದಂತೆ ಇನ್ನೂ ಎಚ್ಚರ ಬೇಕು, ಅದು ಕಲ್ಲಿನ ಹೊಳಪನ್ನೇ ತಿನ್ನುತ್ತದೆ. ದುಡಿಮೆ ಇದೆ, ನಿಜ. ಆದರೂ ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇದೇ, ಏಕೆಂದರೆ ಎಂಥ ಕಲೆಯನ್ನೂ ಮನೆಯಲ್ಲೇ ಸರಿಪಡಿಸಬಹುದು.

ಪಿವಿಡಿಯ ಗುಣ ಬೇರೆ. ನಿರ್ವಾತ ಕೋಣೆಯಲ್ಲಿ ಟೈಟೇನಿಯಂ ಅನ್ನು ಆವಿಯಾಗಿಸಿ ನೈಟ್ರೋಜನ್ ಅನಿಲದೊಡನೆ ಕೂಡಿಸಿದಾಗ ಉಕ್ಕಿನ ಮೇಲೆ ಟೈಟೇನಿಯಂ ನೈಟ್ರೈಡ್‌ನ ಬಂಗಾರದ ಪದರ ಕೂರುತ್ತದೆ; ಅದು ಬಹಳ ಗಟ್ಟಿ, ಆದರೆ ಬಹಳ ತೆಳು. ಕೈಯ ಸವೆತಕ್ಕೆ ನಮ್ಮಲ್ಲಿ ಬಣ್ಣ ಎಲ್ಲಿಯೂ ಮಾಸಿಲ್ಲ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ತಾಗಿದ ಒಂದು ಕಡೆ ಮಾತ್ರ ಕೂದಲೆಳೆಯಂಥ ಗೆರೆಗಳು ನಿಂತಿವೆ, ಅವನ್ನು ಅಳಿಸುವ ಉಪಾಯವಿಲ್ಲ. ಕೊಳವೆಬಾವಿಯ ಗಡಸು ನೀರು ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಒದ್ದೆ ಮೈಕ್ರೋಫೈಬರ್ ಬಟ್ಟೆಯ ಹಿಂದೆಯೇ ಒಣಬಟ್ಟೆ ಆಡಿಸಿದರೆ ಸಾಕು.

ನಿಜವಾದ ತೊಂದರೆ ಕಾಣಿಸಿದ್ದು ಕಂಬಗಳ ಬುಡದಲ್ಲಿ. ರೇಲಿಂಗ್ ಕೂರಿಸಿದ ಮೇಲೆ ಗುತ್ತಿಗೆದಾರರ ಕಡೆಯವರು ಗ್ರಾನೈಟ್ ಮೇಲಿನ ಸಿಮೆಂಟ್ ಕಲೆಗೆ ಆ್ಯಸಿಡ್ ಹಾಕಿ ತೊಳೆದರು. ಅದರಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿಗೆ ಶತ್ರು. ಕೆಲವೇ ತಿಂಗಳಲ್ಲಿ ಬುಡದ ತಟ್ಟೆಗಳ ಸುತ್ತ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳು ಎದ್ದವು, ಅವು ಇಂದಿಗೂ ಇವೆ. ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ವಿನಂತಿ: ನೆಲದ ಆ್ಯಸಿಡ್ ತೊಳೆತ, ಕಲ್ಲಿನ ಪಾಲಿಶ್, ಗೇಟು–ಕಿಟಕಿಗಳ ಗ್ರೈಂಡಿಂಗ್ ಎಲ್ಲವೂ ಮುಗಿದ ಮೇಲೆಯೇ ಮೆಟ್ಟಿಲಿನ ಲೋಹ ಮನೆಯೊಳಗೆ ಬರಲಿ. ಗ್ರೈಂಡಿಂಗ್‌ನಲ್ಲಿ ಹಾರುವ ಕಬ್ಬಿಣದ ಕಿಡಿಯೂ ಸ್ಟೇನ್‌ಲೆಸ್ ಮೇಲೆ ಕೂತು ತುಕ್ಕಿನ ಚುಕ್ಕೆಯಾಗುತ್ತದೆ.

ಬಣ್ಣದ ಅಡಿಯಲ್ಲಿರುವ ಉಕ್ಕು ಯಾವುದೆಂಬುದೂ ಅಷ್ಟೇ ಮುಖ್ಯ. ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ; ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದು ತುಕ್ಕಿಗೆ ಬೇಗ ಬಗ್ಗುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಸಾಮಾನ್ಯವಾಗಿ ಎರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ಸರಿ. ವೆಲ್ಡಿಂಗ್ ಶಾಖಕ್ಕೆ ಪಿವಿಡಿ ಬಣ್ಣ ಸುಟ್ಟುಹೋಗುವುದರಿಂದ ಎಲ್ಲ ವೆಲ್ಡಿಂಗ್ ಮುಗಿಸಿಯೇ ಲೇಪನಕ್ಕೆ ಕಳಿಸಬೇಕು, ಮನೆಯಲ್ಲಿ ಸ್ಕ್ರೂ ಜೋಡಣೆ ಮಾತ್ರ ನಡೆಯಬೇಕು.

ಹೊರಗಿನ ಪೌಡರ್ ಕೋಟಿಂಗ್ ಬಗ್ಗೆ ಹೇಳುವುದು ಕಡಿಮೆ. ಬಿಸಿಲಿಗೆ ಎಪಾಕ್ಸಿ ಪುಡಿ ಬೇಗ ಮಂಕಾಗುತ್ತದೆಂದು ಪಾಲಿಯೆಸ್ಟರ್ ಪುಡಿಯನ್ನೇ ಕೇಳಿ ಮಾಡಿಸಿದ್ದೆವು, ಬಣ್ಣ ಇಂದಿಗೂ ಗಟ್ಟಿಯಾಗಿದೆ. ಆದರೆ ಅಳತೆ ಹೊಂದದ ಎರಡು ಕಡೆ ಫ್ಯಾಬ್ರಿಕೇಟರ್ ಸ್ಥಳದಲ್ಲೇ ಬೆಸುಗೆ ಹಾಕಿ ಸ್ಪ್ರೇ ಬಣ್ಣ ಹೊಡೆದು ಹೋದರು; ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲೇ ಬಣ್ಣ ಉಬ್ಬಿ ತುಕ್ಕು ಇಳಿಯಿತು. ಈ ಪುಡಿಯನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸಬೇಕಾದ್ದರಿಂದ ಮನೆಯಲ್ಲಿ ತೇಪೆ ಹಾಕಲಾಗದು. ಆ ಎರಡು ತುಂಡುಗಳನ್ನು ಬಿಚ್ಚಿ, ಹಳೆಯ ಬಣ್ಣ ತೆಗೆಸಿ, ಪೀಣ್ಯದಲ್ಲಿ ಮತ್ತೆ ಕೋಟಿಂಗ್ ಮಾಡಿಸಲಿದ್ದೇವೆ. ಈ ಬಾರಿ ಜೋಡಣೆ ಬೋಲ್ಟಿನಿಂದ.